ಯಾರನ್ನ ಕೇಳಿ ಬಂದ್ರಿ?

ಎದೆ ಹಿಡಿದುಕೊಂಡು ದವಾಖಾನೆಗೆ ಬಂದವರನ್ನು ಎಲ್ಲ ಡಾಕ್ಟರರೂ ಮೊದಲು ಕೇಳುವುದು ಎಲ್ಲಿ ನೋವು ಅಂತ. ನಮ್ಮ ಬಾಯಾರೂ ಕೇಳುತ್ತಿದ್ದರು. ಆದರೆ ನಾಡಿ ಹಿಡಿದು, ಎದೆಗೆ ಇಸಿಜಿಯ ತಂತಿ ಅಂಟಿಸಿ, ಮಾಡಬೇಕಾದ್ದನ್ನೆಲ್ಲ ಮಾಡುತ್ತಲೇ, ಮಂಚದ ಬಾಜು ಗುಂಪುಗೂಡಿ ನಿಂತ ಮನೆಯವರ ಕಡೆ ತಿರುಗಿ ಇನ್ನೊಂದು ಪ್ರಶ್ನೆ ಹಾಕುತ್ತಿದ್ದರು: "ಯಾರನ್ನ ಕೇಳಿ ಬಂದ್ರಿ?"

ಹೊಸಬರಿಗೆ ಇದು ಜಗಳ ತೆಗೆಯುವ ಮಾತಿನಂತೆ ಕೇಳುತ್ತಿತ್ತು. ಬಾಯಾರ ದನಿಯೂ ಹಾಗೇ ಇತ್ತೆನ್ನಿ. ಆದರೆ ಅವರಿಗೆ ನಿಜವಾಗಿಯೂ ಉತ್ತರ ಬೇಕಿತ್ತು, ಮತ್ತು ಉತ್ತರ ಯಾವಾಗಲೂ ಉದ್ದವಾಗಿಯೇ ಇರುತ್ತಿತ್ತು. "ಮೊದಲ ಸೋಡಾ ಕುಡಸಿದ್ವಿರಿ. ಗ್ಯಾಸ್ ಇರಬೇಕು ಅಂತ ಅಂಗಡಿಯಾಂವ ಅಂದ. ಆಮ್ಯಾಲ ದೊಡ್ಡಪ್ಪನ್ನ ಕೇಳಬೇಕಲ್ರಿ, ಅವರು ಹೊಲಕ್ಕ ಹೋಗಿದ್ರು. ಬಂದ್ರು. ಬಂದು, ಹುಬ್ಬಳ್ಳಿ ಅಳಿಯಾಗ ಒಂದು ಮಾತು ಕೇಳೂಣು ಅಂದ್ರು. ಅವನ ಫೋನ್ ಹತ್ತಲಿಲ್ಲ ನೋಡ್ರಿ..." ಬಾಯಾರು ಪೂರ್ತಿ ಕೇಳಿಸಿಕೊಂಡು ಗೋಡೆಯ ಗಡಿಯಾರ ಒಮ್ಮೆ ನೋಡುತ್ತಿದ್ದರು. ಆಮೇಲೆ ಹಲ್ಲು ಕಚ್ಚಿಕೊಂಡು ಮತ್ತೆ ರೋಗಿಯ ಕಡೆ ತಿರುಗುತ್ತಿದ್ದರು.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಸರ್ಕಾರಿ ಕಾಗದಗಳಲ್ಲಿ ಬೇಕಾದಷ್ಟು ಸಲ ಬರೆದಿದ್ದೇನೆ, ಬೇಸರ ಬಂದಾಗ 'ಸದರಿಯವರು' ಅಂತಲೂ ಬರೆದಿದ್ದೇನೆ, ಅಷ್ಟು ಸಾಕು. ನಮ್ಮ ಕಡೆ ಹೆಣ್ಣು ಡಾಕ್ಟರಿಗೂ ಸಾಲಿಯ ಟೀಚರಿಗೂ ಬಾಯಾರು ಅನ್ನುವುದು ರೂಢಿ. ಊರಿಗೆಲ್ಲ ಅವರು ಬಾಯಾರೇ. ನಾನು ಕುಂದಗೋಳ ಸೀಮೆಯ ಒಂದು ಸರ್ಕಾರಿ ದವಾಖಾನೆಯ ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿ, ಸೂಪರಿಂಟೆಂಡೆಂಟ್ ಆಗಿ ಹೊರಬಿದ್ದವನು. ನನ್ನ ಕಾಲದಲ್ಲಿ ಎಷ್ಟೋ ಡಾಕ್ಟರರು ಬಂದರು, ಹೋದರು. ಹೆಚ್ಚಿನವರು ಹಾಜರಾದ ವಾರದಲ್ಲೇ ನನ್ನ ಟೇಬಲ್ಲಿಗೆ ಬಂದು ವರ್ಗಾವಣೆಯ ಅರ್ಜಿ ಹೇಗೆ ಬರೆಯಬೇಕು ಅಂತ ಮೆಲ್ಲಗೆ ಕೇಳುತ್ತಿದ್ದರು. ಬಾಯಾರು ಬಂದ ದಿನವೇ ಕೇಳಿದ್ದು ಬೇರೆ.

"ಕಾಕಾರ, ಕ್ಯಾಜುವಲ್ಟಿಗೆ ಬಾಗಿಲಾ ಯಾಕ ಹಚ್ಚೀರಿ?"

ನಾನು ಕನ್ನಡಕ ತೆಗೆದು ನೋಡಿದೆ. ಕುಳ್ಳಗಿನ ಹೆಣ್ಣುಮಗಳು, ಸೀರೆಗೆ ಕ್ಯಾನ್ವಾಸ್ ಬೂಟು ಹಾಕಿಕೊಂಡಿದ್ದಳು. ಬಾಗಿಲು ಇರುವುದು ಮುಚ್ಚುವುದಕ್ಕೆ ಅಂದೆ.

"ಅದ ನೋಡ್ರಿ ತಪ್ಪು. ಬಾಗಿಲಾ ಮುಚ್ಚಿದ್ರ ನಮ್ಮ ಮಂದಿ ಹೊರಗ ನಿಂತು, ಬಡೀಬೇಕೋ ಬ್ಯಾಡೋ ಅಂತ ಒಬ್ಬರನ್ನೊಬ್ಬರು ಕೇಳಕೋಂತ ನಿಂದರ್ತಾರ. ನಾ ಇದ ನಾಡಿನ್ಯಾಕಿ, ನನಗ ಗೊತ್ತೈತಿ."

ಮರುದಿನ ಬಡಿಗೇರನನ್ನು ಕರೆಸಿ ಬಾಗಿಲನ್ನು ಕೀಲಿನಿಂದಲೇ ಬಿಚ್ಚಿಸಿದರು. ಅದನ್ನು ತಂದು ನನ್ನ ಉಗ್ರಾಣದ ಗೋಡೆಗೆ ಒರಗಿಸಿದರು. ಆಡಿಟ್‌ನವರು ಬಂದಾಗ, ಸರ್ಕಾರಿ ಬಾಗಿಲು ಎಲ್ಲಿ ಹೋಯಿತು ಅಂತ ಪ್ರಶ್ನೆ ಬಂತು. 'ಬಾಗಿಲು ಸುಸ್ಥಿತಿಯಲ್ಲಿದ್ದು, ಗೋಡೆಗೆ ಒರಗಿರುತ್ತದೆ' ಎಂದು ಉತ್ತರ ಬರೆದೆ. ನನ್ನ ಸೇವೆಯಲ್ಲಿ ನಾನು ಬರೆದ ಅತ್ಯಂತ ನಿಜವಾದ ವಾಕ್ಯ ಅದೇ ಇರಬೇಕು.

ಅವರು ಓದಿದ್ದು ತುರ್ತು ಚಿಕಿತ್ಸೆ. ದೊಡ್ಡ ಊರಿನ ಕಾಲೇಜಿನಲ್ಲಿ ಅದರಲ್ಲೇ ಎಂ.ಡಿ. ಮಾಡಿ, ಹಳ್ಳಿಯ ಕಡ್ಡಾಯ ಸೇವೆಗೆಂದು ಬಂದು, ಅವಧಿ ಮುಗಿದ ಮೇಲೂ ಇಲ್ಲೇ ಉಳಿದವರು. ನಮ್ಮ ಜನಕ್ಕೆ ಆ ಓದು ಅರ್ಥವಾಗುತ್ತಿರಲಿಲ್ಲ. "ನೀವು ಯಾತರ ಡಾಕ್ಟರ್ರಿ? ಎದಿದೋ, ಹೊಟ್ಟೀದೋ, ಎಲಬಿಂದೋ?" ಅಂತ ಕೇಳುತ್ತಿದ್ದರು. "ನಾ ಮೊದಲನೇ ತಾಸಿನ ಡಾಕ್ಟರ್. ಆಮ್ಯಾಲಿನ ತಾಸು ಬ್ಯಾರೇದವ್ರು ನೋಡ್ಕೋತಾರ" ಅನ್ನುತ್ತಿದ್ದರು. ಆ ಮೊದಲ ತಾಸು ಅವರ ಕೈಗೆ ಸಿಗುತ್ತಲೇ ಇರಲಿಲ್ಲ ಅನ್ನುವುದೇ ಅವರ ಸಿಟ್ಟಿನ ಮೂಲ. ಹೃದಯದ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಇಂಜೆಕ್ಷನ್ ನಮ್ಮ ದವಾಖಾನೆಯ ಫ್ರಿಜ್ಜಿನಲ್ಲೇ ಇತ್ತು. ಅದು ಕೆಲಸ ಮಾಡುವುದು ಬೇಗ ಕೊಟ್ಟರೆ ಮಾತ್ರ. ಮನುಷ್ಯ ಬರುವ ಹೊತ್ತಿಗೆ ಸೋಡಾ, ದೊಡ್ಡಪ್ಪ, ಅಳಿಯ ಎಲ್ಲರ ಸರದಿ ಮುಗಿದಿರುತ್ತಿತ್ತು.

ಬಾಯಾರ ತಂದೆಯೂ ಹೀಗೇ ಹೋದರಂತೆ, ಅದಕ್ಕೇ ಈಕೆಗೆ ಈ ಹುಚ್ಚು ಅಂತ ದವಾಖಾನೆಯಲ್ಲಿ ಒಂದು ಕಥೆ ಹಬ್ಬಿತ್ತು. ನಾನೂ ನಂಬಿದ್ದೆ. ಒಮ್ಮೆ ಸಂತಾಪದ ದನಿಯಲ್ಲಿ ಆ ಮಾತು ತೆಗೆದೆ. ಬಾಯಾರು ನಿಂತುಕೊಂಡೇ ಗಿರ್ಮಿಟ್ ತಿನ್ನುತ್ತಿದ್ದರು. ಅವರು ಕೂತು ತಿಂದದ್ದನ್ನು ನಾನು ನೋಡಿಯೇ ಇಲ್ಲ.

"ಯಾರ ಹೇಳಿದ್ರು? ನಮ್ಮಪ್ಪ ಶಲವಡಿಯಾಗ ಗಟ್ಟಿ ಅದಾನ, ಈಗ ಕಡ್ಲಿ ಬಿತ್ತಾಕತ್ತಾನ. ಸಿಟ್ಟ ಬರಾಕ ಮನ್ಯಾಗ ಒಬ್ಬರು ಸಾಯಬೇಕೇನ್ರಿ ಕಾಕಾರ? ಮಂದಿ ಸತ್ರ ಸಿಟ್ಟ ಬರಬಾರದೇನು?"

ಆಮೇಲೆ ಆ ಕಥೆ ನಾನು ಯಾರಿಗೂ ಹೇಳಲಿಲ್ಲ.

ಒಂದು ಮಧ್ಯಾಹ್ನ ನನ್ನ ಟೇಬಲ್ಲಿನ ಮೇಲೆ ಒಂದು ಕಟ್ಟು ಕಾಗದ ತಂದು ಇಟ್ಟರು. ದಿಲ್ಲಿಯಲ್ಲಿ ವೈದ್ಯಕೀಯ ಸಂಶೋಧನೆಗೆ ಅನುದಾನ ಕೊಡುವ ಸರ್ಕಾರದ ಮಂಡಳಿಯೊಂದಿದೆ, ಅದಕ್ಕೆ ಅರ್ಜಿ ಹಾಕುತ್ತೇನೆ ಅಂದರು. ಅವರಿಗೆ ಬೇಕಾದದ್ದು ಇಷ್ಟು: ಗುಡಗೇರಿಯ ಸಂತೆಪೇಟೆಯ ಮಗ್ಗುಲಿನ ಆರೋಗ್ಯ ಕೇಂದ್ರಕ್ಕೆ ಒಂದು ಇಸಿಜಿ ಯಂತ್ರ, ಅದನ್ನು ನಡೆಸಲು ಒಬ್ಬಳು ನರ್ಸು. ಎದೆನೋವು ಬಂದವರ ಹೃದಯದ ಗೆರೆ ಅಲ್ಲಿಂದಲೇ ಮೊಬೈಲಿನಲ್ಲಿ ಬಾಯಾರಿಗೆ ಬರಬೇಕು, ಅವರು ಆಂಬುಲೆನ್ಸ್ ಓಡಿಸಬೇಕು. ಹೀಗೆ ಮಾಡಿದರೆ ಕಳೆದುಹೋಗುವ ಹೊತ್ತು ಕಡಿಮೆಯಾಗುತ್ತದೆಯೋ ಇಲ್ಲವೋ ಎಂದು ನೋಡಿ, ಲೆಕ್ಕವಿಟ್ಟು, ಸಾಬೀತು ಮಾಡಬೇಕು. ಒಂದು ಊರಿನಲ್ಲಿ ಸಾಬೀತಾದರೆ ಎಲ್ಲ ಊರಿಗೂ ಕೇಳುವ ಹಕ್ಕು ಬರುತ್ತದೆ ಅನ್ನುವುದು ಅವರ ವಾದ.

"ಯಂತ್ರ ಅಷ್ಟ ಬೇಕಂದ್ರ ಯಾರರ ಸಾಹುಕಾರನ್ನ ಕೇಳಬಹುದಲ್ರಿ" ಅಂದೆ.

"ದಾನಾ ಬ್ಯಾಡ. ಸಾಹುಕಾರ ಕೊಟ್ರ ಅವನ ಹೆಸರು ಗ್ವಾಡಿ ಮ್ಯಾಲ ಬರ್ತೈತಿ, ಮುಂದಿನ ಊರಿಗೆ ಏನೂ ಸಿಗಂಗಿಲ್ಲ. ಸರ್ಕಾರದ ದುಡ್ಡಿಲೇ ಆಗಬೇಕು, ಸರ್ಕಾರನ ಓದಬೇಕು, ಓದಿ ನಾಚಿಕೊಳ್ಳಬೇಕು."

ಅರ್ಜಿ ಜಿಲ್ಲೆಯ ಮೇಲಧಿಕಾರಿಗಳ ಮೂಲಕ ಹೋಗಬೇಕಿತ್ತು. ಸಾಹೇಬರು ನಮ್ಮಿಬ್ಬರನ್ನೂ ಕರೆಸಿದರು. ಕಾಗದದ ಕಟ್ಟನ್ನು ಬೆರಳ ತುದಿಯಿಂದ ದೂಡಿ, "ಇದನ್ನ ಯಾರನ್ನ ಕೇಳಿ ಬರದ್ರಿ?" ಅಂದರು.

ನಾನು ನೆಲ ನೋಡಿದೆ. ಬಾಯಾರು ನಕ್ಕುಬಿಟ್ಟರು. ಕಚೇರಿಯ ಒಳಗೆ, ಸಾಹೇಬರ ಎದುರಿಗೆ, ಬಾಯಿತುಂಬ ನಕ್ಕರು. "ಸರ್, ಇದನ್ನ ದಿನಾ ನಾ ಪೇಶಂಟಿನ ಮನಿಯವ್ರಿಗೆ ಕೇಳ್ತೀನ್ರಿ. ಇವತ್ತ ನನಗ ಯಾರೋ ಕೇಳಿದ್ರು. ಯಾರನ್ನೂ ಕೇಳಿಲ್ರಿ."

"ತಾಲೂಕಿನ ದವಾಖಾನ್ಯಾಗ ಸಂಶೋಧನೆ? ನಿಮ್ಮ ಕೆಲಸ ಪೇಶಂಟ್ ನೋಡೂದು."

"ನೋಡಿನ ಬರದೀನ್ರಿ ಸರ್."

ಸಾಹೇಬರು 'ಪರಿಶೀಲಿಸಿ' ಅಂತ ಬರೆದು ಕಾಗದವನ್ನು ತಮ್ಮ ಬಳಿಯೇ ಇಟ್ಟುಕೊಂಡರು. ನಮ್ಮ ಇಲಾಖೆಯಲ್ಲಿ ಆ ಶಬ್ದಕ್ಕೆ ಹೂಳಿ ಅಂತ ಅರ್ಥ. ಬಸ್ಸಿನಲ್ಲಿ ವಾಪಸು ಬರುವಾಗ ಬಾಯಾರು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ನನಗೆ ಕೆಟ್ಟದೆನಿಸಿತು, ಸಿಟ್ಟೂ ಬಂತು. ಮೇಲಧಿಕಾರಿ ತಡಮಾಡಿದರೆ ಮುಂಗಡ ಪ್ರತಿ ಅಂತ ಒಂದು ನಕಲನ್ನು ನೇರವಾಗಿ ಕಳಿಸಬಹುದು, ಅದಕ್ಕೆ ನಿಯಮವಿದೆ ಎಂದು ಹೇಳಿದೆ. ನಿಯಮಗಳನ್ನು ತಲೆತುಂಬ ತುಂಬಿಕೊಂಡು ಮುದುಕನಾದದ್ದಕ್ಕೆ ಒಂದಾದರೂ ಉಪಯೋಗವಾಗಲಿ ಅನಿಸಿತ್ತು. ಬಾಯಾರು ಗಕ್ಕನೆ ತಿರುಗಿ, "ಇಷ್ಟೊತ್ತು ಬಾಯಾಗ ಏನ್ ಎಲಿ ಅಡಿಕಿ ಇಟ್ಕೊಂಡಿದ್ರೇನ್ರಿ?" ಅಂದರು. ಕೃತಜ್ಞತೆ ಹೇಳುವ ರೀತಿ ಅವರದು ಹಾಗೆ.

ಹಾಗೆ ಕಳಿಸಿದ ನಕಲಿಗೆ ದಿಲ್ಲಿಯಿಂದ ಮೊದಲ ಉತ್ತರ ಬರಲು ವರ್ಷವೇ ಹಿಡಿಯಿತು. ತುರ್ತು ಚಿಕಿತ್ಸೆ ಎನ್ನುವುದು ಸೇವೆ, ಸಂಶೋಧನೆಯ ಕ್ಷೇತ್ರವಲ್ಲ. ಆದರೂ ವಿಷಯ ಚೆನ್ನಾಗಿರುವುದರಿಂದ ಯಾವುದಾದರೂ ದೊಡ್ಡ ಕಾಲೇಜಿನ ಪ್ರಾಧ್ಯಾಪಕರು ಮುಖ್ಯಸ್ಥರಾಗಿ, ಸದರಿಯವರು ಸಹಾಯಕರಾಗಿ ಮತ್ತೆ ಅರ್ಜಿ ಹಾಕಬಹುದು ಎಂದಿತ್ತು. ಆ ಕಾಗದ ಓದಿ ನನ್ನ ಮೈ ಉರಿಯಿತು. ಅದರ ಬೆನ್ನಿಗೇ ಒಬ್ಬ ಪ್ರಾಧ್ಯಾಪಕರ ಫೋನೂ ಬಂತು. ಪಾಪ, ಒಳ್ಳೆಯ ಮನುಷ್ಯರೇ. ನಿಮ್ಮ ಹೆಸರೂ ಇರುತ್ತದಮ್ಮಾ, ಕೊನೆಯಲ್ಲಿ ಇರುತ್ತದೆ ಅಂದರು. ಬಾಯಾರು ಸ್ಪೀಕರ್ ಹಾಕಿಕೊಂಡೇ ಮಾತಾಡುತ್ತಿದ್ದರು, ನಾನು ಅವರ ಉತ್ತರ ಕೇಳಿದೆ. "ಸರ್, ತಾವು ಹಿರಿಯರು. ಆದ್ರ ಜ್ವಾಳ ನಮ್ಮ ಹೊಲದಾಗ ಬೆಳದೈತಿ. ರಾಶಿ ನಿಮ್ಮ ಕಣದಾಗ ಯಾಕ ಮಾಡೂಣು?"

ಫೋನಿಟ್ಟ ಮೇಲೆ, ಒಪ್ಪಿಕೊಂಡಿದ್ದರೆ ಯಂತ್ರ ಬೇಗ ಬರುತ್ತಿತ್ತಲ್ಲ ಅಂದೆ. "ಬರ್ತಿತ್ತು, ಕಾಲೇಜಿಗೆ ಬರ್ತಿತ್ತು" ಎಂದು ಹೇಳಿ ಕ್ಯಾಜುವಲ್ಟಿಗೆ ಹೋದರು.

ಎರಡನೆಯ ಸಲದ ಉತ್ತರ ಬೇರೆ ಥರ ಇತ್ತು. ಯಾರೋ ಕೂತು ಓದಿ ಬರೆದಿದ್ದರು. ಎದೆನೋವಿನಿಂದ ನರಳುವ ಮನುಷ್ಯನನ್ನು ನಿಮ್ಮ ಅಧ್ಯಯನಕ್ಕೆ ಸೇರಿಸಿಕೊಳ್ಳಲು ಅವನ ಒಪ್ಪಿಗೆ ಬೇಕು. ಓದಿ, ತಿಳಿದು, ಸಹಿ ಮಾಡುವ ಸಮಯ ಅವನಿಗೆಲ್ಲಿದೆ? ಸಮಯ ಕೊಟ್ಟರೆ ಚಿಕಿತ್ಸೆಗೆ ತಡ, ಕೊಡದಿದ್ದರೆ ಅನ್ಯಾಯ. ಇದಕ್ಕೆ ಪರಿಹಾರವೇನು ಎಂದು ಕೇಳಿದ್ದರು. ಬಾಯಾರು ಸಿಡುಕುತ್ತಾರೆ ಅಂದುಕೊಂಡು ಕಾದೆ. ಅವರು ಕಾಗದ ಹಿಡಿದು ಮತ್ತೊಮ್ಮೆ ಓದುತ್ತ ಕೂತರು. ಹೌದು, ಕೂತರು.

"ಶಾಣ್ಯಾರ ಪ್ರಶ್ನಿ ಇದು" ಅಂದರು ಕೊನೆಗೆ. "ಕಾಕಾರ, ಇವರು ಸಹಿ ಕೇಳೂದು, ನಮ್ಮವರು ದೊಡ್ಡಪ್ಪ ಬರೂತನಾ ಕಾಯೂದು, ಎರಡೂ ಒಂದ. ಎರಡೂ ಮರ್ಯಾದಿನ. ಒಬ್ಬನ ಜೀವದ ಮ್ಯಾಲ ಅವನ್ನ ಕೇಳಲಾರದ ಕೈ ಹಾಕಬಾರದು, ಹಿರ್ಯಾರನ್ನ ಬಿಟ್ಟು ಹೆಜ್ಜಿ ಇಡಬಾರದು. ನಾ ಇಷ್ಟ ದಿನ, ಕೇಳೂದು ಬಿಡ್ರಿ ಅಂತ ಮಂದಿನ್ನ ಬೈಯಾಕತ್ತಿದ್ದೆ. ಬಿಡೂದು ಬ್ಯಾಡ. ಬ್ಯಾನಿ ಬರೂಕಿಂತ ಮೊದಲ ಕೇಳಿ ಇಟ್ಕೊಂಡ್ರ ಆತು."

ಹಾಗೆ ನಾವು ಗುಡಗೇರಿಯ ಸಂತೆಗೆ ಹೋದದ್ದು. ಸಂತೆಯ ದಿನವೇ ಹೋಗಬೇಕು ಅಂತ ಬಾಯಾರ ಹಟ. ಸುತ್ತಲಿನ ಹಿರಿಯರೆಲ್ಲ ಅಂದು ಅಲ್ಲಿರುತ್ತಾರೆ, ಮತ್ತು ಸೋಡಾದ ಮಹಾದೇವಪ್ಪನ ಅಂಗಡಿಯ ಮುಂದಿನ ಕಟ್ಟೆಯ ಮೇಲೆಯೇ ಇರುತ್ತಾರೆ. ಎದೆನೋವು ಬಂದವರು ದೊಡ್ಡಪ್ಪನ ದಾರಿ ಕಾಯುತ್ತ ಕೂರುತ್ತಿದ್ದದ್ದೂ ಅದೇ ಕಟ್ಟೆಯೇ. ಮಹಾದೇವಪ್ಪ ನಮ್ಮನ್ನು ಕಂಡೊಡನೆ ಮುಖ ಗಂಟಿಕ್ಕಿದ. "ನನ್ನ ವ್ಯಾಪಾರಕ್ಕ ಕಲ್ಲ ಹಾಕಾಕ ಬಂದೀರೇನ್ರಿ ಬಾಯಾರ? ನಮ್ಮಪ್ಪನ ಕಾಲದಿಂದ ಗ್ಯಾಸಿಗೆ ಸೋಡಾ ಕೊಡಾಕತ್ತೀವಿ."

"ಗ್ಯಾಸಿಗೆ ಕೊಡ್ರಿ, ಯಾರ ಬ್ಯಾಡಂದ್ರು? ಗ್ಯಾಸ್ ಹೌದೋ ಅಲ್ಲೋ ಅಂತ ಮೊದಲ ಮಷಿನ್ ಹಚ್ಚಿ ನೋಡೂಣು, ಆಮ್ಯಾಲ ನಾನ ಬಂದು ಕುಡೀತೀನಿ."

ಜನ ಸೇರಿದರು. ಬಾಯಾರು ಕಟ್ಟೆ ಹತ್ತದೆ ಕೆಳಗೇ ನಿಂತು, ಮೇಲೆ ಕೂತ ಹಿರಿಯರಿಗೆ ಎಲ್ಲ ಬಿಡಿಸಿ ಹೇಳಿದರು. ಇಂಥ ಯಂತ್ರ ಬರುತ್ತದೆ. ಎದೆನೋವು ಬಂದರೆ ಯಾರ ದಾರಿಯನ್ನೂ ಕಾಯದೆ ನೇರ ಅಲ್ಲಿಗೆ ಒಯ್ಯಬೇಕು. ಒಯ್ಯಲು, ನೋಡಲು, ಬರೆದಿಟ್ಟುಕೊಳ್ಳಲು ನಿಮ್ಮ ನಿಮ್ಮ ಮನೆಯ ಪರವಾಗಿ ನೀವು ಇಂದೇ ಹೂಂ ಅನ್ನಬೇಕು; ಆಮೇಲೆ ಮನೆಮನೆಗೆ ಬಂದು ಒಬ್ಬೊಬ್ಬರನ್ನೂ ಕೇಳುತ್ತೇನೆ. ಬೇಡವಾದವರು ಯಾವಾಗ ಬೇಕಾದರೂ ಬೇಡ ಅನ್ನಬಹುದು, ಚಿಕಿತ್ಸೆ ತಪ್ಪುವುದಿಲ್ಲ.

ಎಲ್ಲರೂ ಗೌಡರ ಮುಖ ನೋಡಿದರು. ಗೌಡರು ಊರಿನಲ್ಲಿ ಎಲ್ಲರಿಗಿಂತ ಹಿರಿಯರು, ಒಳ್ಳೆಯ ಮಾತಿನವರು. ಅವರು ತಲೆಯಾಡಿಸಿದರು. "ಹಂಗ ಹ್ಯಾಂಗ ಆಕ್ಕೈತಿ ತಂಗಿ? ಬರಲಾರದ ಬ್ಯಾನಿಗೆ ಹೂಂ ಅಂದ್ರ ಬಾ ಅಂತ ಕರದಂಗ. ಇದು ಅಪಶಕುನ."

"ಗೌಡ್ರ, ದಿನಾ ಮನಿಗೆ ಕೀಲಿ ಹಾಕ್ತೀರಿ. ಕಳ್ಳನ್ನ ಕರದಂಗ ಆತೇನ್ರಿ?"

ಸಂತೆಯೆಲ್ಲ ನಕ್ಕಿತು. ಗೌಡರೂ ನಕ್ಕರು. ಆದರೆ ಹೂಂ ಅನ್ನಲಿಲ್ಲ. ಅವರು ಅನ್ನದಿದ್ದರೆ ಇನ್ನಾರೂ ಅನ್ನುವ ಹಾಗಿರಲಿಲ್ಲ. ನಗೆ ಅಡಗಿತು, ಒಬ್ಬೊಬ್ಬರೇ ಮೆಣಸಿನಕಾಯಿ ಚೀಲದ ಕಡೆ, ಕಾಳಿನ ರಾಶಿಯ ಕಡೆ ಜಾರತೊಡಗಿದರು. ಇಷ್ಟು ವರ್ಷದ ಕೆಲಸ ಇಲ್ಲಿಗೆ ಮುಗಿಯಿತು ಅಂದುಕೊಂಡೆ.

ಆಗ ಮಾತಾಡಿದವರು ಗೌಡರ ಹೆಂಡತಿ. ಬಳೆ ಇಡಿಸಿಕೊಳ್ಳಲು ಸಂತೆಗೆ ಬಂದವರು ಗುಂಪಿನ ಹಿಂದೆ ಸೆರಗು ಹೊದ್ದು ನಿಂತಿದ್ದರು. "ನಮ್ಮತ್ತಿಗೆ ಎದಿ ನೋವು ಬಂದಾಗ ಯಾರನ್ನೂ ಕೇಳಲಿಲ್ಲ. ನಮ್ಮನ್ನ ಯಾರರ ಕೇಳ್ತಾರೇನು, ನಾವು ಮಂದಿನ್ನ ಕೇಳಾಕ? ಎದಿ ಒತ್ತಿ ಹಿಡಕೊಂಡು ರೊಟ್ಟಿ ಬಡದ್ಲು. ಕಡೀ ರೊಟ್ಟಿ ಹಂಚಿನ ಮ್ಯಾಲ ಇದ್ದಾಗ ಒಲಿ ಮುಂದ ಒರಗಿದ್ಲು. ಡಾಕ್ಟರವ್ವಾ, ನನ್ನ ಹೂಂ ಬರಕೋ. ಇವರು ಕುಂತು ಶಕುನ ನೋಡ್ಲಿ."

ಗೌಡರು ಹೆಂಡತಿಯನ್ನು ನೋಡಿದರು. ಅದು ಅವರ ತಾಯಿಯ ಮಾತು. ರೊಟ್ಟಿಯ ವಿಷಯ ಅವರಿಗೆ ಅಂದಿನವರೆಗೂ ಗೊತ್ತಿರಲಿಲ್ಲವೆಂದು ಆ ಮುಖ ನೋಡಿದರೇ ತಿಳಿಯುತ್ತಿತ್ತು. ಸ್ವಲ್ಪ ಹೊತ್ತಿಗೆ, "ನಂದೂ ಬರಕೋರಿ" ಅಂದರು. ಆಮೇಲೆ ಸಾಲು ಹತ್ತಿತು. ಮಹಾದೇವಪ್ಪ ಎಲ್ಲರಿಗಿಂತ ಕೊನೆಗೆ ಬಂದು, ಸೋಡಾದ ಬಾಟಲಿ ಒರೆಸುತ್ತಲೇ, "ನಂದೂ ಇರ್ಲಿ. ಕಾಕಾಂದೂ ಬರಕೋರಿ, ಅವರೇನು ಗಟ್ಟಿ ಉಳೀತಾರೇನು" ಎಂದು ನನ್ನನ್ನು ತೋರಿಸಿದ. ಹಾಗೆ ನನ್ನ ಹೂಂ ಕೂಡ ಅಂದೇ ದಾಖಲಾಯಿತು.

ಮುಂದಿನ ವಾರದಿಂದ ಬಾಯಾರು ಅಡುಗೆಮನೆಗಳಿಗೆ ಹೋಗತೊಡಗಿದರು. ಹೆಣ್ಣುಮಕ್ಕಳನ್ನು ಕೇಳುವುದೇ ಅವರ ಅರ್ಜಿಯ ಹೊಸ ಭಾಗವಾಯಿತು.

ಮೂರನೆಯ ಸಲ ದಿಲ್ಲಿಯವರು ವಿಡಿಯೋದಲ್ಲಿ ಸಂದರ್ಶನ ಅಂದರು. ನಮ್ಮ ಸಭಾಕೊಠಡಿಯಲ್ಲಿ ಲ್ಯಾಪ್‌ಟಾಪ್ ಇಟ್ಟು, ನೆಟ್‌ವರ್ಕ್ ಹೋದರೆ ಏನಾದರೂ ಮಾಡಲೆಂದು ನನ್ನನ್ನು ಬಾಜು ಕೂರಿಸಿದ್ದರು. ನೆಟ್‌ವರ್ಕ್ ಹೋದರೆ ನಾನೇನು ಮಾಡಬಹುದಿತ್ತೋ ನನಗೆ ಇಂದಿಗೂ ಗೊತ್ತಿಲ್ಲ. ಪರದೆಯ ಮೇಲೆ ಸಾಲಾಗಿ ದೊಡ್ಡವರ ಮುಖಗಳು. ಬಾಯಾರು ಇಂಗ್ಲಿಷಿನಲ್ಲಿ ಶುರು ಮಾಡಿ ಇನ್ನೂ ಸಂತೆಯ ವಿಷಯಕ್ಕೆ ಬಂದಿರಲಿಲ್ಲ, ಹೊರಗೆ ಟಂಟಂ ಗಾಡಿ ಬಂದು ನಿಂತ ಸದ್ದಾಯಿತು. ಅದರ ಹಿಂದೆ ಹೆಂಗಸರ ಅಳು. ಬಾಗಿಲಿಲ್ಲದ ಕ್ಯಾಜುವಲ್ಟಿಯಿಂದ ನರ್ಸಿನ ಕೂಗು ನೇರ ನಮ್ಮ ಕೊಠಡಿಗೆ ಕೇಳಿತು. ಬಾಯಾರು ವಾಕ್ಯವನ್ನು ಅರ್ಧಕ್ಕೇ ಬಿಟ್ಟು ಎದ್ದು ಓಡಿದರು.

ಪರದೆಯ ಮೇಲೆ ಈಗ ನಾನೊಬ್ಬನೇ. ಮಧ್ಯದಲ್ಲಿದ್ದ ಅಧ್ಯಕ್ಷರು ಹಿಂದಿಯಲ್ಲಿ, ಡಾಕ್ಟರು ಎಲ್ಲಿ ಎಂದರು.

"ಪೇಶಂಟ್ ಆಯಾ ಸಾಬ್" ಅಂದೆ. ನನ್ನ ಹಿಂದಿ ಹುಬ್ಬಳ್ಳಿಯ ಬಸ್ ಸ್ಟ್ಯಾಂಡಿನಲ್ಲಿ ಕಲಿತದ್ದು.

"ಎಷ್ಟು ಹೊತ್ತಾಗುತ್ತದೆ?"

"ವೋ ಪೇಶಂಟ್ ಕೋ ಮಾಲೂಮ್." ಅದು ಪೇಶಂಟಿಗೇ ಗೊತ್ತು ಅಂತ.

ಒಬ್ಬರು ಗಡಿಯಾರ ನೋಡಿಕೊಂಡರು. ಇನ್ನೊಬ್ಬರು, ಮುಂದಿನವರನ್ನು ಕರೆಯೋಣ ಅಂದರು. ನನಗೆ ಎಲ್ಲಿಂದ ಬಂತೋ ಧೈರ್ಯ, ಇಡೀ ಸೇವೆಯಲ್ಲಿ ಜಿಲ್ಲೆಯ ಸಾಹೇಬರ ಎದುರು ನೆಲ ನೋಡಿದವನು ದಿಲ್ಲಿಯವರಿಗೆ, ನಾವು ಮೂರು ವರ್ಷದಿಂದ ಕೂತಿದ್ದೇವೆ, ನೀವೂ ಕೂತಿರಿ ಅಂತ ಹೇಳಿಬಿಟ್ಟೆ: "ಬೈಠೋ ಸಾಬ್. ಹಮ್ ತೋ ತೀನ್ ಸಾಲ್ ಸೇ ಬೈಠಾ ಹೈ." ಮೂಲೆಯಲ್ಲಿದ್ದ ನರೆಗೂದಲಿನ ಹೆಣ್ಣುಮಗಳೊಬ್ಬರು ತುಟಿ ಕಚ್ಚಿ ನಗು ತಡೆದರು. ಎಲ್ಲರೂ ಕೂತೇ ಇದ್ದರು.

ಬಾಯಾರು ಬಂದಾಗ ಅವರ ಹಣೆಗೆ ಕೂದಲು ಅಂಟಿಕೊಂಡಿತ್ತು. ಕ್ಷಮಿಸಿ ಅನ್ನಲಿಲ್ಲ. ಕ್ಯಾಮೆರಾ ಸರಿಮಾಡಿಕೊಂಡು ಹೇಳಿದರು: ತಾವೆಲ್ಲ ಇಷ್ಟು ಹೊತ್ತು ಕಾದಿರಿ. ಯಾರು ಬರುತ್ತಾರೆ, ಯಾವಾಗ ಬರುತ್ತಾರೆ ಎಂದು ತಿಳಿಯದೆ ಕಾಯುವುದು ಹೇಗಿರುತ್ತದೆ ಅಂತ ನಾನಿನ್ನು ವಿವರಿಸಬೇಕಾಗಿಲ್ಲ. ನನ್ನ ಅಧ್ಯಯನ ಆ ಕಾಯುವಿಕೆಯದೇ. ತುರ್ತು ಚಿಕಿತ್ಸೆ ಸಂಶೋಧನೆಯಲ್ಲ ಎಂದು ತಾವು ಮೊದಲ ಸಲ ಬರೆದಿದ್ದಿರಿ. ಈ ಪ್ರಶ್ನೆ ಕ್ಯಾಜುವಲ್ಟಿಯಲ್ಲಿ ನಿಂತವರಿಗಲ್ಲದೆ ಬೇರೆ ಯಾರಿಗೆ ಹೊಳೆಯುತ್ತಿತ್ತು, ಹೇಳಿ.

ನರೆಗೂದಲಿನವರು, ಈಗ ಬಂದ ರೋಗಿ ಹೇಗಿದ್ದಾರೆ ಎಂದು ಕೇಳಿದರು. "ಬದುಕಿದ್ದಾರೆ" ಅಂದರು ಬಾಯಾರು. ಆಮೇಲೆ ಗುಡಗೇರಿ ಸಂತೆಯ ಕಥೆ ಹೇಳಿದರು.

ಅನುದಾನ ಮಂಜೂರಾಯಿತು. ಬಾಯಾರೇ ಮುಖ್ಯಸ್ಥರು, ನಮ್ಮ ದವಾಖಾನೆಯೇ ಕೇಂದ್ರ. ಆದೇಶ ಬಂದ ದಿನ ಮಹಾದೇವಪ್ಪ ಒಂದು ಕ್ರೇಟು ಸೋಡಾ ಕಳಿಸಿ, "ಇದು ಎದಿನೋವಿಗಲ್ಲ, ಖುಷಿಗೆ" ಎಂದು ಹೇಳಿಕಳಿಸಿದ. ಜಿಲ್ಲೆಯ ಸಾಹೇಬರು ಬಂದು ಯಂತ್ರದ ಪಕ್ಕ ನಿಂತು ಫೋಟೊ ತೆಗೆಸಿಕೊಂಡರು. ಬಾಯಾರು ಆ ಫೋಟೊದಲ್ಲಿಲ್ಲ, ಪೇಶಂಟ್ ಬಂದಿದ್ದರು.

ಅಧ್ಯಯನ ನಡೆದ ವರ್ಷಗಳ ಕಥೆ ನಾನು ಹೇಳಲಾರೆ, ಅದು ಅವರ ವರದಿಯಲ್ಲಿದೆ. ನನಗೆ ಗೊತ್ತಿರುವುದಿಷ್ಟೇ. ಮಹಾದೇವಪ್ಪ ಅಂಗಡಿಯ ಮುಂದೆ, 'ಎದಿ ನೋವಿಗೆ ಸೋಡಾ ಇಲ್ಲ' ಅಂತ ಸುಣ್ಣದಲ್ಲಿ ಬರೆಸಿದ. ಕಟ್ಟೆಯ ಮೇಲೆ ಕಾಯುತ್ತ ಕೂರುವವರು ಕಡಿಮೆಯಾದರು. ರೊಟ್ಟಿಯ ಹಿಟ್ಟು ಕೈಗೆ ಮೆತ್ತಿಕೊಂಡೇ ಹೆಣ್ಣುಮಕ್ಕಳು ಬರತೊಡಗಿದರು. ಕೆಲವರು ಆದರೂ ಸತ್ತರು.

ಬಾಯಾರು ಒಳ್ಳೆಯವರು, ಸಿಹಿ ಮಾತಿನವರು ಅಂತ ನಾನು ಬರೆಯುವುದಿಲ್ಲ. ನರ್ಸುಗಳು ಅವರ ಬೈಗಳಿಗೆ ಅತ್ತಿದ್ದಾರೆ. ನನಗೇ ಎಷ್ಟೋ ಸಲ, ಇವರ ಸಹವಾಸ ಸಾಕು ಅನಿಸಿದೆ. ಆದರೆ ಇಡೀ ದವಾಖಾನೆಯಲ್ಲಿ, ಆಗುವುದಿಲ್ಲ ಅನ್ನುವ ಮಾತು ಕೇಳಿ ಹಸಿವಾದವರಂತೆ ಎದ್ದು ನಿಲ್ಲುತ್ತಿದ್ದದ್ದು ಅವರೊಬ್ಬರೇ.

ಯೋಜನೆಯ ಅವಧಿ ಮುಗಿದಾಗ ಎರಡು ಕಾಗದ ಒಟ್ಟಿಗೇ ಬಂದವು. ಒಂದು, ಬಾಯಾರಿಗೆ ಬಡ್ತಿ ಕೊಟ್ಟು ದೂರದ ಜಿಲ್ಲೆಗೆ ವರ್ಗ. ಇನ್ನೊಂದು, ಅಧ್ಯಯನ ಮುಗಿದಿರುವುದರಿಂದ ಗುಡಗೇರಿಯ ಯಂತ್ರವನ್ನು ಜಿಲ್ಲಾ ಉಗ್ರಾಣಕ್ಕೆ ಹಿಂದಿರುಗಿಸುವುದು. ಅದು ಕೆಲಸ ಮಾಡುತ್ತದೆಂದು ಸಾಬೀತಾಗಿತ್ತು. ಸಾಬೀತಾಯಿತಲ್ಲ, ಇನ್ನು ಕಪಾಟಿನಲ್ಲಿಡಿ ಎಂದು ಅದರ ಅರ್ಥ. ಬಾಯಾರು ಹೊರಡುವ ದಿನ ನನ್ನ ಟೇಬಲ್ಲಿನ ಮುಂದೆ, ಮೊದಲ ದಿನ ನಿಂತಲ್ಲೇ ನಿಂತರು.

"ಕಾಕಾರ, ಮಷಿನ್ ಅಲ್ಲೇ ಇರಬೇಕು."

"ಯಾರನ್ನ ಕೇಳಿ ಇಟ್ಕೊಳ್ಳೂದ್ರಿ ಬಾಯಾರ?"

"ಅದು ನಿಮ್ಮ ವಿದ್ಯಾ. ನನಗೇನ ಕೇಳ್ತೀರಿ?"

ವಿದ್ಯೆ ನನಗಿತ್ತು. ಯಂತ್ರವನ್ನು ಯಾವ ವಾಹನದಲ್ಲಿ ಕಳಿಸಬೇಕು ಎಂದು ಜಿಲ್ಲೆಯವರನ್ನು ಸ್ಪಷ್ಟೀಕರಣ ಕೇಳಿದೆ. ಅವರು ಉತ್ತರಿಸಿದರು. ವಾಹನದ ವೆಚ್ಚ ಯಾವ ಲೆಕ್ಕಶೀರ್ಷಿಕೆಗೆ ಎಂದು ಕೇಳಿದೆ. ಉತ್ತರಿಸಿದರು. ಯಂತ್ರದ ಜೊತೆ ಅದರ ಟೇಬಲ್ಲೂ ಬರಬೇಕೋ, ಟೇಬಲ್ಲಿನ ಮೇಲಿನ ಹಾಸೂ ಬರಬೇಕೋ ಎಂದು ಕೇಳಿದೆ. ಸಾಹೇಬರು ಬದಲಾದರು, ಹೊಸಬರಿಗೆ ಮೊದಲಿನಿಂದ ಬರೆದೆ. ತಡ ಮಾಡುವುದನ್ನು ಸರ್ಕಾರದಿಂದಲೇ ಕಲಿತವನು ನಾನು, ಸರ್ಕಾರಕ್ಕೇ ಬಡಿಸಿದೆ. ಆರೋಗ್ಯ ಕೇಂದ್ರದ ಖಾಯಂ ನರ್ಸಿಗೆ ಬಾಯಾರು ಕೆಲಸ ಕಲಿಸಿಟ್ಟಿದ್ದರು, ಹೃದಯದ ಗೆರೆಗಳು ಬರುತ್ತಲೇ ಇದ್ದವು, ಅವುಗಳನ್ನು ನೋಡಲು ಈಗ ಬಾಯಾರ ಕೈಕೆಳಗೆ ತಯಾರಾದ ಹುಡುಗ ಡಾಕ್ಟರಿದ್ದ. ನಾನು ನಿವೃತ್ತನಾಗುವಾಗ ನನ್ನ ಜಾಗಕ್ಕೆ ಬಂದವನಿಗೆ ಗೋಡೆಗೆ ಒರಗಿದ ಬಾಗಿಲನ್ನೂ ಆ ಕಡತವನ್ನೂ ಒಪ್ಪಿಸಿ, ಎರಡನ್ನೂ ಇದ್ದಲ್ಲೇ ಇಡು ಎಂದೆ. ಜಾಣ ಇದ್ದಾನೆ, ಇಟ್ಟಿದ್ದಾನೆ.

ಹೋದ ತಿಂಗಳು ಮೆಣಸಿನಕಾಯಿ ತರಲು ಗುಡಗೇರಿಯ ಸಂತೆಗೆ ಹೋಗಿದ್ದೆ. ಚೀಲ ಎತ್ತುವಾಗ ಎದೆಯ ಮೇಲೆ ಯಾರೋ ಕೂತ ಹಾಗಾಯಿತು. ಬೆವರು ಕಿತ್ತುಕೊಂಡು ಬಂತು. ಕಟ್ಟೆಯ ಮೇಲೆ ಕೂತು ನಾನು, ಎಲ್ಲ ಕಂಡ ನಾನು, ಏನು ಹೇಳಿದೆ ಗೊತ್ತೇ? "ಮಾದೇವಪ್ಪಾ, ಒಂದು ಸೋಡಾ ಕೊಡೋ. ಸ್ವಲ್ಪ ಗ್ಯಾಸ್ ಆಗೇದ."

ಮಹಾದೇವಪ್ಪ ನನ್ನ ಮುಖ ನೋಡಿ ಬಾಟಲಿ ಕೆಳಗಿಟ್ಟ. "ಏಳ್ರಿ ಕಾಕಾ."

"ತಡಿಯೋ, ಮಗಗ ಒಂದು ಮಾತು..."

ಫೋನನ್ನು ನನ್ನ ಕೈಯಿಂದ ಕಸಿದುಕೊಂಡ. "ನಿಮ್ಮ ಹೂಂ ಇದ ಕಟ್ಟಿ ಮ್ಯಾಲ ಬರಕೊಂಡಾರ. ಏಳ್ರಿ ಅಂದ್ರ ಏಳ್ರಿ!" ಇಬ್ಬರು ರಟ್ಟೆ ಹಿಡಿದು ಎತ್ತಿದರು. ಸಂತೆಯ ನಡುವೆ ನನ್ನನ್ನು ಹೊತ್ತುಕೊಂಡೇ ಹೋದರು. ಸುಸ್ಥಿತಿಯಲ್ಲಿರುವ, ಇನ್ನೂ ಹಿಂದಿರುಗಿಸದ ಆ ಯಂತ್ರದ ತಂತಿಗಳು ನನ್ನ ಎದೆಗೆ ಅಂಟಿಕೊಂಡವು. ಗ್ಯಾಸ್ ಆಗಿರಲಿಲ್ಲ.

ಇಂಜೆಕ್ಷನ್ ಆಗಿ, ಹುಬ್ಬಳ್ಳಿಗೆ ಹೋಗಿ, ಮಂಚದ ಮೇಲೆ ಕಣ್ಣು ಬಿಟ್ಟು ಮಲಗಿದ್ದಾಗ ಮಗ ಫೋನು ತಂದು ಕಿವಿಗೆ ಹಿಡಿದ. ಬಾಯಾರು ಹೇಗಿದ್ದೀರಿ ಎಂದು ಕೇಳಲಿಲ್ಲ.

"ಯಾರನ್ನ ಕೇಳಿ ಬಂದ್ರಿ ಕಾಕಾರ?"

"ಯಾರನ್ನೂ ಕೇಳಾಕ ಬಿಡಲಿಲ್ರಿ ಬಾಯಾರ. ಸೋಡಾ ಸುದ್ದಾ ಕೊಡಲಿಲ್ಲ."

ಆ ಕಡೆಯಿಂದ ಮೂಗು ಎಳೆಯುವ ಸದ್ದು ಬಂತು. ಬಾಯಾರು ಅಳುತ್ತಿದ್ದಾರೆ ಅನಿಸಿತು, ಆದರೆ ಅವರು ಅತ್ತದ್ದನ್ನು ನಾನು ಎಂದೂ ಕೇಳಿದವನಲ್ಲವಾದ್ದರಿಂದ ಖಚಿತವಾಗಿ ಹೇಳಲಾರೆ. ಆಮೇಲೆ ಹಳೆಯ ದನಿಯಲ್ಲೇ ಕೇಳಿದರು.

"ಮಷಿನ್ ಅಲ್ಲೇ ಐತೇನು?"

"ಅಲ್ಲೇ ಐತ್ರಿ."

"ಇರ್ಲಿ. ಯಾರರ ಕೇಳಿದ್ರ, ನನ್ನ ಕೇಳಿ ಇಟ್ಕೊಂಡೀವಿ ಅಂತ ಹೇಳ್ರಿ."